ರೈಲು ಬದಲಿಸುವ ಆ ಒಂದು ಗಂಟೆ

ಐದೂವರೆ ವರ್ಷದ ಮಗಳನ್ನೂ ಎರಡು ವರ್ಷ ತುಂಬಿದ್ದ ಮಗನನ್ನೂ ಕರೆದುಕೊಂಡು ನಾವು ಲಂಡನ್‌ನಿಂದ ವೆನಿಸ್‌ವರೆಗೆ ರೈಲಿನಲ್ಲಿಯೇ ಹೋದೆವು. ಹೊರಡುವ ಮೊದಲು ನನಗಿದ್ದ ಚಿಂತೆಯೆಲ್ಲ ರೈಲಿನೊಳಗೆ ಕಳೆಯಬೇಕಾದ ಗಂಟೆಗಳ ಬಗ್ಗೆ: ಇವರು ಅಷ್ಟು ಹೊತ್ತು ಕೂರುತ್ತಾರೆಯೇ, ಅತ್ತರೆ ಏನು ಮಾಡುವುದು, ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ ಎಂದು. ಆದರೆ ಓಡುವ ರೈಲಿನಲ್ಲಿ ಎಳೆಯ ಮಕ್ಕಳು ಬಹುಮಟ್ಟಿಗೆ ಸಂತೋಷವಾಗಿಯೇ ಇರುತ್ತಾರೆ. ನಡೆದಾಡಲು ಜಾಗವಿರುತ್ತದೆ, ಕಿಟಕಿಯಾಚೆ ಪ್ರತಿ ಕ್ಷಣವೂ ಹೊಸದೇನಾದರೂ ಕಾಣುತ್ತದೆ, ಬೆಲ್ಟು ಕಟ್ಟಿಕೊಂಡು ಕೂರಬೇಕೆಂಬ ಕಟ್ಟುಪಾಡಿಲ್ಲ. ಪ್ರಯಾಣ ಕೆಡುವುದು ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹತ್ತುವ ನಡುವಿನ ಹೊತ್ತಿನಲ್ಲಿ. ಆ ಹೊತ್ತನ್ನು ಸರಿಯಾಗಿ ಯೋಜಿಸಿಕೊಂಡರೆ ಮಿಕ್ಕದ್ದು ತಾನಾಗಿ ಸುಸೂತ್ರವಾಗುತ್ತದೆ ಎಂಬುದನ್ನು ನಾನು ಪೂರ್ಣ ನಂಬಿಕೆಯಿಂದ ಹೇಳಬಲ್ಲೆ.

ಈ ನಂಬಿಕೆ ಬಂದದ್ದು ಒಂದು ಕಹಿ ಅನುಭವದಿಂದ. ಅದಕ್ಕೂ ಹಿಂದಿನ ಒಂದು ಪ್ರವಾಸದಲ್ಲಿ, ಟಿಕೆಟ್ ತಾಣವೇ ಸೂಚಿಸಿದ್ದ ಒಂಬತ್ತು ನಿಮಿಷಗಳ ಬದಲಾವಣೆಯನ್ನು ನಾವು ಕಣ್ಣು ಮುಚ್ಚಿ ಒಪ್ಪಿಕೊಂಡಿದ್ದೆವು. ರೈಲು ನಾಲ್ಕು ನಿಮಿಷವಷ್ಟೇ ತಡವಾಗಿತ್ತು. ಮಗ ನನ್ನ ಹೆಗಲ ಮೇಲೆ ಆಗತಾನೇ ನಿದ್ದೆ ಹೋಗಿದ್ದ, ಮಗಳ ಒಂದು ಶೂ ಸೀಟಿನಡಿ ಎಲ್ಲೋ ಜಾರಿತ್ತು. ಪ್ಲಾಟ್‌ಫಾರ್ಮಿನ ಲಿಫ್ಟ್ ಕೆಟ್ಟು ನಿಂತಿದ್ದರಿಂದ ನನ್ನ ಪತಿ ಒಂದು ಕೈಯಲ್ಲಿ ಮಡಿಸಿದ ಸ್ಟ್ರಾಲರ್, ಇನ್ನೊಂದು ಕೈಯಲ್ಲಿ ಸೂಟ್‌ಕೇಸ್ ಹಿಡಿದು ಮೆಟ್ಟಿಲಿಳಿದರು. ನಾನು ಮಗುವನ್ನು ಎತ್ತಿಕೊಂಡು, ಒಂದೇ ಶೂ ಹಾಕಿದ್ದ ಮಗಳ ಕೈ ಹಿಡಿದು ಎಳೆದುಕೊಂಡೇ ಹೋದೆ. ಮೇಲೇರಿ ನೋಡಿದಾಗ ರೈಲಿನ ಬಾಗಿಲುಗಳು ಮುಚ್ಚಿದ್ದವು. ರೈಲು ತಪ್ಪಿದ ಬೇಸರ ಒಂದು ಗಂಟೆಯಲ್ಲಿ ಮಾಸಿತು. ಆ ಐದು ನಿಮಿಷ ಮಗಳ ಮೇಲೆ ನಾನು ಕೂಗಾಡಿದ ನೆನಪು ಮಾತ್ರ ಇನ್ನೂ ಮಾಸಿಲ್ಲ.

ಆದ್ದರಿಂದ ಈ ಸಲ ಎರಡು ನಿಯಮಗಳನ್ನು ಮಾಡಿಕೊಂಡೆವು. ರೈಲು ಬದಲಿಸುವಲ್ಲೆಲ್ಲ ಕನಿಷ್ಠ ಒಂದು ಗಂಟೆ ಬಿಡುವಿರಬೇಕು, ಮತ್ತು ಒಂದು ದಿನಕ್ಕೆ ಸುಮಾರು ಆರು ಗಂಟೆಗಿಂತ ಹೆಚ್ಚು ರೈಲಿನಲ್ಲಿರಬಾರದು. ಲಂಡನ್‌ನಿಂದ ಬ್ರಸೆಲ್ಸ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಕೊಲೋನ್‌ಗೆ ಇನ್ನೂ ಸುಮಾರು ಎರಡು ಗಂಟೆ. ಮೊದಲ ದಿನಕ್ಕೆ ಅಷ್ಟು ಸಾಕೆಂದು ಕೊಲೋನ್‌ನಲ್ಲಿ ರಾತ್ರಿ ತಂಗಿ, ಮರುದಿನ ಮ್ಯೂನಿಕ್, ಅದರ ಮರುದಿನ ವೆರೋನಾ, ಅಲ್ಲಿ ಒಂದು ದಿನ ವಿಶ್ರಾಂತಿ, ಕೊನೆಗೆ ವೆನಿಸ್. ದೊಡ್ಡವರಷ್ಟೇ ಹೊರಟಿದ್ದರೆ ಈ ದಾರಿಯನ್ನು ಎರಡು ದಿನಗಳಲ್ಲಿ ಮುಗಿಸಬಹುದಿತ್ತು. ಆದರೆ ಕೊಲೋನ್ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಎದುರಾಗುವ, 157 ಮೀಟರ್ ಎತ್ತರದ ಆ ಕ್ಯಾಥಿಡ್ರಲ್‌ನ ಮುಂದಿನ ಅಂಗಳದಲ್ಲಿ ಮಗ ಮುಕ್ಕಾಲು ಗಂಟೆ ಪಾರಿವಾಳಗಳ ಹಿಂದೆ ಓಡಿದ. ಆ ಓಟವಿಲ್ಲದಿದ್ದರೆ ಆ ರಾತ್ರಿ ಅವನು ಮಲಗುತ್ತಿರಲಿಲ್ಲ, ಮರುದಿನ ಮ್ಯೂನಿಕ್‌ವರೆಗಿನ ನಾಲ್ಕೂವರೆ ಗಂಟೆಯನ್ನು ತಡೆದುಕೊಳ್ಳುತ್ತಿರಲೂ ಇಲ್ಲ. ಹಾಗಾಗಿ ದಾರಿಯನ್ನು ಆರಿಸುವಾಗ ಬದಲಾವಣೆಯ ನಿಲ್ದಾಣದ ಹೊರಗೆ ಏನಿದೆ ಎಂದು ನಕ್ಷೆಯಲ್ಲಿ ಮೊದಲೇ ನೋಡಿಡಿ. ಐದು ನಿಮಿಷದ ನಡಿಗೆಯಲ್ಲಿ ಒಂದು ಉದ್ಯಾನವೋ ನದಿದಂಡೆಯೋ ವಾಹನಗಳಿಲ್ಲದ ಚೌಕವೋ ಇರುವ ನಿಲ್ದಾಣ, ಎಷ್ಟೇ ಥಳುಕಿನ ಮಳಿಗೆಗಳಿರುವ ನಿಲ್ದಾಣಕ್ಕಿಂತಲೂ ಮಕ್ಕಳಿಗೆ ಒಳ್ಳೆಯದು.

ಟಿಕೆಟ್ಟಿನ ವಿಷಯದಲ್ಲಿಯೂ ಬದಲಾವಣೆಯೇ ಮುಖ್ಯ. ಇಡೀ ದಾರಿಗೆ ಒಂದೇ ಟಿಕೆಟ್ ಸಿಗುವುದಾದರೆ, ಬಿಡಿಬಿಡಿ ಟಿಕೆಟ್‌ಗಳು ಕೊಂಚ ಅಗ್ಗವಾದರೂ ಆ ಒಂದೇ ಟಿಕೆಟ್ಟನ್ನೇ ಕೊಳ್ಳಿ. ಐರೋಪ್ಯ ಒಕ್ಕೂಟದ ರೈಲು ಪ್ರಯಾಣಿಕರ ಹಕ್ಕುಗಳ ನಿಯಮ 2023ರ ಜೂನ್ 7ರಿಂದ ಹೊಸ ರೂಪದಲ್ಲಿ ಜಾರಿಯಲ್ಲಿದೆ. ಅದರ ಪ್ರಕಾರ ತಲುಪುವ ಊರನ್ನು ಒಂದು ಗಂಟೆಯಿಂದ ಎರಡು ಗಂಟೆಯೊಳಗೆ ತಡವಾಗಿ ಮುಟ್ಟಿದರೆ ಟಿಕೆಟ್ ದರದ ಶೇ. 25ರಷ್ಟು, ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾದರೆ ಶೇ. 50ರಷ್ಟು ಪರಿಹಾರ ಸಾಮಾನ್ಯವಾಗಿ ಸಿಗಬೇಕು. ಇಡೀ ದಾರಿಯ ಟಿಕೆಟ್ ಇದ್ದರೆ ನಡುವೆ ರೈಲು ತಪ್ಪಿದಾಗ ಮುಂದಕ್ಕೆ ತಲುಪಿಸುವ ಹೊಣೆಯೂ ರೈಲ್ವೆಯದೇ ಆಗುತ್ತದೆ. ಮಕ್ಕಳ ವಯಸ್ಸಿನ ಮಿತಿ ದೇಶದಿಂದ ದೇಶಕ್ಕೆ ಬೇರೆ. ಲಂಡನ್‌ನಿಂದ ಬ್ರಸೆಲ್ಸ್‌ಗೆ ಹೋಗುವ ಯೂರೋಸ್ಟಾರ್ ರೈಲಿನಲ್ಲಿ ನಾಲ್ಕು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತು ಉಚಿತವಾಗಿ ಬರಬಹುದು; ಜರ್ಮನಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಆರು ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ಯೂರೋಪಿನ ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಕೊಡುವ ಇಂಟರ್‌ರೈಲ್ ಮತ್ತು ಯೂರೈಲ್ ಪಾಸ್‌ಗಳಲ್ಲಿ ನಾಲ್ಕರಿಂದ ಹನ್ನೊಂದು ವರ್ಷದ ಇಬ್ಬರು ಮಕ್ಕಳಿಗೆ ಒಬ್ಬ ವಯಸ್ಕರ ಜೊತೆ ಉಚಿತ ಪಾಸ್ ಸಿಗುತ್ತದೆ. ಆದರೆ ಉಚಿತ ಎಂದರೆ ಸೀಟು ಸಿಗುತ್ತದೆ ಎಂದರ್ಥವಲ್ಲ. ಎರಡು ವರ್ಷದ ಮಗು ನಾಲ್ಕು ಗಂಟೆ ತೊಡೆಯ ಮೇಲೆ ಕೂರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ; ಕಾಯ್ದಿರಿಸಲು ಅವಕಾಶವಿರುವಲ್ಲೆಲ್ಲ ನಾವು ಮಗನಿಗೂ ಒಂದು ಸೀಟು ಕಾಯ್ದಿರಿಸಿದೆವು, ಆ ಹಣ ವ್ಯರ್ಥವಾಯಿತೆಂದು ಒಮ್ಮೆಯೂ ಅನಿಸಲಿಲ್ಲ.

ಲಂಡನ್‌ನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ಹತ್ತುವ ಮೊದಲೇ ಸಾಮಾನುಗಳ ತಪಾಸಣೆ ನಡೆಯುತ್ತದೆ, ಫ್ರಾನ್ಸಿನ ಗಡಿ ಪೊಲೀಸರು ಅಲ್ಲಿಯೇ ಪಾಸ್‌ಪೋರ್ಟ್ ನೋಡುತ್ತಾರೆ. ಹೀಗಾಗಿ ಬ್ರಸೆಲ್ಸ್‌ನಲ್ಲಿ ಇಳಿದವರು ನೇರವಾಗಿ ಮುಂದಿನ ಪ್ಲಾಟ್‌ಫಾರ್ಮಿಗೆ ನಡೆಯಬಹುದು. ಸರದಿಯ ಕಷ್ಟವೆಲ್ಲ ಹೊರಡುವ ಮುನ್ನವೇ ಮುಗಿಯುವುದರಿಂದ ಅಲ್ಲಿಗೆ ಸಾಕಷ್ಟು ಮುಂಚೆ ಹೋಗುವುದು ಲೇಸು. ಕೈಗೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು, ವೀಸಾ ಬೇಕಾದವರ ಮಕ್ಕಳಿಗೆ ಪ್ರತ್ಯೇಕ ವೀಸಾ ಬೇಕು. ಶೆಂಗೆನ್ (ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕಿರುವ ಯೂರೋಪಿನ ದೇಶಗಳ ವಲಯ) ವೀಸಾಕ್ಕೆ ಆರು ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಶೆಂಗೆನ್ ವಲಯದೊಳಗೆ ಗಡಿ ದಾಟುವುದು ಗೊತ್ತೇ ಆಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಆಸ್ಟ್ರಿಯಾದಿಂದ ಜರ್ಮನಿಗೆ ಬರುವ ಗಡಿಯಲ್ಲಿ 2015ರಿಂದ ತಪಾಸಣೆ ಇದೆ, ಪೊಲೀಸರು ರೈಲಿನೊಳಗೇ ಬಂದು ಕೇಳುತ್ತಾರೆ. ಎಲ್ಲರ ಪಾಸ್‌ಪೋರ್ಟ್‌ಗಳನ್ನು ಒಂದೇ ಚೀಲದಲ್ಲಿಟ್ಟು, ಆ ಚೀಲವನ್ನು ಒಬ್ಬರೇ ಹೊತ್ತುಕೊಳ್ಳಬೇಕು.

ಇಂಗ್ಲಿಷ್ ಕಾಲುವೆಯ ಕೆಳಗಿನ ಸುರಂಗ 1994ರಲ್ಲಿ ಆರಂಭವಾದದ್ದು, ಉದ್ದ 50.45 ಕಿ.ಮೀ. ಸಮುದ್ರದಡಿಯಲ್ಲಿ ಹೋಗುತ್ತೇವೆ ಎಂದು ನಾನು ಮಗಳಿಗೆ ವಾರದಿಂದ ಹೇಳಿದ್ದೆ. ಇಪ್ಪತ್ತು ನಿಮಿಷ ಕತ್ತಲೆಯಲ್ಲಿ ಕಿಟಕಿಗೆ ಮೂಗು ಒತ್ತಿ ಕೂತವಳು, ಆಚೆ ಬೆಳಕು ಬಂದಾಗ, "ಅಮ್ಮ, ಮೀನು ಯಾವಾಗ ಬರುತ್ತೆ?" ಎಂದು ಕೇಳಿದಳು. ಅವಳ ಮುಖದಲ್ಲಿದ್ದ ನಿರಾಸೆ ನಿಜವಾದದ್ದು. ಕಾಣಲಾಗದ್ದನ್ನು ಮಕ್ಕಳಿಗೆ ಆಸೆ ತೋರಿಸಬಾರದು. ಸುರಂಗದ ಇಪ್ಪತ್ತು ನಿಮಿಷವನ್ನು ತಿಂಡಿಯ ಹೊತ್ತಾಗಿ ಮಾಡಿಕೊಂಡರೆ, ಅಗಿಯುತ್ತ ನುಂಗುತ್ತ ಇರುವುದರಿಂದ ಕಿವಿ ಕಟ್ಟಿಕೊಳ್ಳುವ ಕಿರಿಕಿರಿಯೂ ಕಡಿಮೆಯಾಗುತ್ತದೆ.

ಯಾವ ಬೋಗಿಯಲ್ಲಿ ಕೂರುತ್ತೇವೆ ಎಂಬುದು ಯಾವ ರೈಲು ಎಂಬಷ್ಟೇ ಮುಖ್ಯ. ಜರ್ಮನಿಯ ಐಸಿಇ ರೈಲುಗಳಲ್ಲಿ ಎಳೆಯ ಮಕ್ಕಳಿರುವವರಿಗೆಂದೇ ಬಾಗಿಲು ಮುಚ್ಚಿಕೊಳ್ಳಬಹುದಾದ ಪುಟ್ಟ ಕಂಪಾರ್ಟ್‌ಮೆಂಟ್ ಇರುತ್ತದೆ. ಸ್ಟ್ರಾಲರ್ ನಿಲ್ಲಿಸಲು ಅಲ್ಲಿ ಜಾಗವಿದೆ, ನೆಲದ ಮೇಲೆ ಮಗು ಕೂತು ಆಡಬಹುದು. ಅದು ಬೇಗ ಭರ್ತಿಯಾಗುತ್ತದೆ, ಆದ್ದರಿಂದ ಟಿಕೆಟ್ ಮಾರಾಟ ಶುರುವಾದ ಕೂಡಲೇ ಕಾಯ್ದಿರಿಸಬೇಕು. ಸ್ವಿಟ್ಜರ್ಲೆಂಡಿನ ಎರಡಂತಸ್ತಿನ ಇಂಟರ್‌ಸಿಟಿ ರೈಲುಗಳ ಮೇಲಂತಸ್ತಿನಲ್ಲಿ ಜಾರುಬಂಡೆ ಇರುವ ಆಟದ ಬೋಗಿಯೇ ಇದೆ. ಆಸ್ಟ್ರಿಯಾದ ರೈಲ್‌ಜೆಟ್‌ನಲ್ಲಿ ಮಕ್ಕಳ ಪುಟ್ಟ ಸಿನಿಮಾ ಮೂಲೆಯಿದೆ. ಜರ್ಮನಿಯಲ್ಲಿ ಪ್ಲಾಟ್‌ಫಾರ್ಮನ್ನು ಎ, ಬಿ, ಸಿ ಎಂದು ಭಾಗ ಮಾಡಿ ಫಲಕ ಹಾಕಿರುತ್ತಾರೆ, ನಿಮ್ಮ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಎಂಬುದನ್ನೂ ತೋರಿಸುತ್ತಾರೆ. ಮಕ್ಕಳೊಂದಿಗೆ ಹೋಗುವವರು ರೈಲು ಬರುವ ಹತ್ತು ನಿಮಿಷ ಮೊದಲೇ ಆ ಅಕ್ಷರದ ಕೆಳಗೆ ನಿಂತಿರಬೇಕು. ತಪ್ಪು ತುದಿಯಲ್ಲಿ ಹತ್ತಿ, ಓಡುವ ರೈಲಿನ ಕಿರಿದಾದ ನಡುದಾರಿಯಲ್ಲಿ ಸ್ಟ್ರಾಲರ್ ಮತ್ತು ಮಗುವಿನೊಂದಿಗೆ ಎಂಟು ಬೋಗಿ ದಾಟುವುದು ಯಾರಿಗೂ ಬೇಡ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಕೆಲವು ರೈಲುಗಳು ದಾರಿಯ ನಡುವೆ ಎರಡಾಗಿ ಒಡೆದು ಬೇರೆ ಬೇರೆ ಊರುಗಳಿಗೆ ಹೋಗುತ್ತವೆ. ಬರ್ಲಿನ್‌ನಿಂದ ಪಶ್ಚಿಮಕ್ಕೆ ಹೋಗುವ ಕೆಲವು ಐಸಿಇ ರೈಲುಗಳು ಹಾಮ್ ಎಂಬಲ್ಲಿ ಹೀಗೆ ಬೇರೆಯಾಗುತ್ತವೆ, ರಾತ್ರಿ ರೈಲುಗಳಲ್ಲಂತೂ ಇದು ಸಾಮಾನ್ಯ. ತಂದೆ ಒಂದು ಬೋಗಿಯಲ್ಲಿ, ತಾಯಿ ಮಕ್ಕಳು ಇನ್ನೊಂದರಲ್ಲಿ ಕೂರುವಂತಾದರೆ ಬೋಗಿಯ ಹೊರಗಿನ ಫಲಕದಲ್ಲಿ ಊರಿನ ಹೆಸರು ಓದದೆ ಹತ್ತಲೇಬಾರದು. ಹತ್ತುವಾಗ ಒಬ್ಬ ದೊಡ್ಡವರು ಮೊದಲು ಒಳಗೆ ಹೋಗಬೇಕು, ನಂತರ ಮಕ್ಕಳು, ಆಮೇಲೆ ಇನ್ನೊಬ್ಬ ದೊಡ್ಡವರು, ಸಾಮಾನು ಕೊನೆಗೆ. ಇಳಿಯುವಾಗಲೂ ಹಾಗೆಯೇ ಮಕ್ಕಳು ನಡುವಿರಬೇಕು. ಸೂಟ್‌ಕೇಸ್ ರೈಲಿನಲ್ಲೇ ಉಳಿದರೆ ಹೇಗೋ ತರಿಸಿಕೊಳ್ಳಬಹುದು. ಬಾಗಿಲು ಮುಚ್ಚಿ ತಾನೊಬ್ಬಳೇ ಒಳಗುಳಿದರೆ ಎಲ್ಲಿಗೂ ಓಡಾಡದೆ ಸಮವಸ್ತ್ರದಲ್ಲಿರುವ ರೈಲ್ವೆ ಸಿಬ್ಬಂದಿಗೆ ಹೇಳಬೇಕು, ಮುಂದಿನ ನಿಲ್ದಾಣಕ್ಕೆ ನಾವೇ ಬರುತ್ತೇವೆ ಎಂದು ಮಗಳಿಗೆ ಹೇಳಿಕೊಟ್ಟಿದ್ದೆವು, ಅವಳ ಜೇಬಿನಲ್ಲಿ ನಮ್ಮ ಫೋನ್ ನಂಬರ್ ಬರೆದ ಚೀಟಿಯನ್ನೂ ಇಟ್ಟಿದ್ದೆವು.

ರಾತ್ರಿ ರೈಲನ್ನು ನಾವು ಈ ಸಲ ಬಿಟ್ಟೆವು. ಇಡೀ ಕಂಪಾರ್ಟ್‌ಮೆಂಟ್ ನಮ್ಮದೇ ಆಗಿದ್ದರೆ ಐದು ವರ್ಷದವಳಿಗೆ ಅದು ಹಬ್ಬವೇ ಸರಿ, ಆದರೆ ಎರಡು ವರ್ಷದವನು ಬರ್ತ್‌ನಿಂದ ಉರುಳದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ನಿದ್ದೆ ಹೋಗುತ್ತದೆ. ಮಗ ಇನ್ನೂ ಎರಡು ವರ್ಷ ದೊಡ್ಡವನಾಗಲಿ.

ಇಡೀ ದಾರಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಬ್ರೆನ್ನರ್ ಕಣಿವೆದಾರಿ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್ ದಾಟಿ 1867ರಲ್ಲಿ ಹಾಕಿದ ಆ ಹಳಿಯ ಮೇಲೆ ರೈಲು ತಿರುವು ತಿರುವಾಗಿ ಏರುತ್ತ, ಸುಮಾರು 1,370 ಮೀಟರ್ ಎತ್ತರದಲ್ಲಿ ಆಸ್ಟ್ರಿಯಾವನ್ನು ಬಿಟ್ಟು ಇಟಲಿಗೆ ಕಾಲಿಡುತ್ತದೆ. ಆಸ್ಟ್ರಿಯಾದ ಹಳಿಗಳಿಗೆ 15,000 ವೋಲ್ಟ್‌ಗಳ ಪರ್ಯಾಯ ವಿದ್ಯುತ್ತು (ಎಸಿ), ಇಟಲಿಯ ಈ ಮಾರ್ಗಕ್ಕೆ 3,000 ವೋಲ್ಟ್‌ಗಳ ನೇರ ವಿದ್ಯುತ್ತು (ಡಿಸಿ). ಹೀಗಾಗಿ ನಾವು ಹೋದಾಗ ಅಲ್ಲಿ ಎಂಜಿನ್ ಬದಲಾಯಿಸಿದರು. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ರೈಲು ನಿಂತಿತು. ನನ್ನ ಪತಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ನಮ್ಮ ಬೋಗಿಯ ಬಾಗಿಲಿನ ಎದುರೇ ಪ್ಲಾಟ್‌ಫಾರ್ಮಿನ ಮೇಲೆ ನಿಂತರು. ಒಂದು ಎಂಜಿನ್ ಕೊಂಡಿ ಕಳಚಿ ದೂರ ಸರಿದದ್ದನ್ನು, ಇನ್ನೊಂದು ಮೆಲ್ಲಗೆ ಹಿಂದೆ ಹಿಂದೆ ಬಂದು ತಾಗಿದಾಗ ಇಡೀ ರೈಲು ಒಮ್ಮೆ ಸಣ್ಣಗೆ ಅಲುಗಿದ್ದನ್ನು ಅವನು ಬಾಯಿ ಬಿಟ್ಟುಕೊಂಡು ನೋಡಿದ. ಆ ಸಂಜೆ ವೆರೋನಾದ ಕೋಣೆಯಲ್ಲಿ ಅವನು ತನ್ನ ಎರಡು ಚಪ್ಪಲಿಗಳನ್ನು ಒಂದರ ಹಿಂದೊಂದು ಇಟ್ಟು, ಮೆಲ್ಲಗೆ ತಾಗಿಸಿ, "ಬಂತು" ಎಂದ.

ಸಾಮಾನಿನ ಲೆಕ್ಕ ಸುಲಭ: ಇಬ್ಬರು ದೊಡ್ಡವರು ಒಂದೇ ಸಲಕ್ಕೆ ಮೆಟ್ಟಿಲು ಹತ್ತಿಸಬಹುದಾದಷ್ಟೇ ಇರಲಿ. ಸೂಟ್‌ಕೇಸ್‌ಗಿಂತ ಬೆನ್ನಿಗೆ ಹಾಕುವ ಚೀಲ ಮೇಲು, ಕೈ ಬಿಡುವಾಗಿರುತ್ತದೆ. ಡೈಪರ್, ಒಂದು ಜೊತೆ ಬಟ್ಟೆ, ನೀರು, ಹಣ್ಣು ಇವಿಷ್ಟು ಸೀಟಿನ ಬಳಿಯ ಚೀಲದಲ್ಲಿರಲಿ. ಒಂದೇ ಕೈಯಲ್ಲಿ ಮಡಿಸಬಹುದಾದ ಹಗುರ ಸ್ಟ್ರಾಲರ್ ನಿಲ್ದಾಣಗಳಲ್ಲೆಲ್ಲ ನಮ್ಮ ಜೀವ ಉಳಿಸಿತು. ವೆನಿಸ್‌ನಲ್ಲಿ ಮಾತ್ರ ಅದು ಕೈಕೊಟ್ಟಿತು. ರೈಲು ಮೂರೂವರೆ ಕಿ.ಮೀ.ಗೂ ಉದ್ದದ ಸೇತುವೆಯ ಮೇಲೆ ಹಿನ್ನೀರನ್ನು ದಾಟಿ ಸಾಂತಾ ಲುಚಿಯಾ ನಿಲ್ದಾಣದಲ್ಲಿ ನಿಂತಿತು. ಹೊರಗೆ ಬಂದರೆ ಎದುರಿಗೇ ದೊಡ್ಡ ಕಾಲುವೆ, ಅದಕ್ಕೆ ಇಳಿಯುವ ಮೆಟ್ಟಿಲು, ಅದರಾಚೆ ಮೆಟ್ಟಿಲುಗಳುಳ್ಳ ಸೇತುವೆ, ಆಮೇಲೆ ಇನ್ನೊಂದು. ಸ್ಟ್ರಾಲರನ್ನು ನಿಲ್ದಾಣದ ಸಾಮಾನು ಕೋಣೆಯಲ್ಲಿ ಬಿಟ್ಟು, ಮಗನನ್ನು ಬಟ್ಟೆಯ ಜೋಲಿಯಲ್ಲಿ ಬೆನ್ನಿಗೆ ಕಟ್ಟಿಕೊಂಡೆ. ಮಗಳು ನನ್ನ ಕೈ ಹಿಡಿದು, ಮುಂದಿನ ರೈಲು ಎಷ್ಟು ಗಂಟೆಗೆ ಎಂದು ಕೇಳಿದಳು.