ಬೈಕಿನಲ್ಲಿ ಬಾವಲಿ ದಾರಿ: ರೂಮಿಗೆ ದುಡ್ಡು ಸುರಿಯಬೇಡಿ

ಮೈಸೂರಿನ ಮಾನಂದವಾಡಿ ರಸ್ತೆ ಹಿಡಿದು, ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕೇರಳ ಗಡಿಯ ಬಾವಲಿವರೆಗೆ ಬೈಕಿನಲ್ಲಿ ಹೋಗಬೇಕು ಅಂತಿದ್ದೀರಾ? ಖಂಡಿತ ಹೋಗಿ. ಆದರೆ ಕಬಿನಿ ಹಿನ್ನೀರಿನ ಫೋಟೊ ನೋಡಿ ರೂಮ್ ಬುಕ್ ಮಾಡಬೇಡಿ. ನಮಗೆ ಚೆನ್ನಾಗಿ ಟೋಪಿ ಹಾಕಿದರು. ಫೋಟೊದಲ್ಲಿ ಕಿಟಕಿ ತೆಗೆದರೆ ನೀರು. ಹೋಗಿ ನೋಡಿದರೆ ಕಿಟಕಿ ಎದುರು ಹತ್ತಿ ಹೊಲ, ಅದರಾಚೆ ಸೋಲಾರ್ ಬೇಲಿ. ಒಂದು ರಾತ್ರಿಗೆ ನಾಲ್ಕು ಸಾವಿರ ತೆಗೆದುಕೊಂಡವರು ಬೆಳಿಗ್ಗೆ ಬಿಸಿನೀರಿನ ಬಕೆಟ್‌ಗೂ ಬೇರೆ ದುಡ್ಡು ಕೇಳಿದರು!

ಅದರ ಬದಲು ಮೈಸೂರಿನಿಂದಲೇ ಬೆಳಗಿನ ಜಾವ ಹೊರಡಿ. ಈ ಕಾಡುದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬಂಡೀಪುರದ ಹಾಗೆ ರಾತ್ರಿ 9ರವರೆಗೂ ಬಿಡುತ್ತಾರೆ ಅಂದುಕೊಂಡು ಬರಬೇಡಿ. ಪೆಟ್ರೋಲ್ ಎಚ್.ಡಿ. ಕೋಟೆಯಲ್ಲೇ ಹಾಕಿಸಿ. ಭಾನುವಾರ ಬೇಡವೇ ಬೇಡ, ಕಾರುಗಳ ಕಾಟ.

ಚೆಕ್‌ಪೋಸ್ಟ್ ದಾಟಿದ ಮೇಲೆ ಹಂಪ್‌ಗಳು ಜಾಸ್ತಿ. ಅದೇ ಒಳ್ಳೆಯದು, ನಿಧಾನಕ್ಕೆ ಹೋಗಿ. 1971ರವರೆಗೂ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದ ಕಾಕನಕೋಟೆ ಕಾಡು ಇದೇ. ಅಂಬಾರಿ ಹೊತ್ತ ಅರ್ಜುನ ಇದ್ದದ್ದೂ ಇಲ್ಲಿನ ಬಳ್ಳೆ ಶಿಬಿರದಲ್ಲಿ. ಬಳ್ಳೆಗೆ ಸ್ವಲ್ಪ ಮೊದಲು ರಸ್ತೆ ಮೇಲೆ ಬಿದ್ದಿದ್ದ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಮುಂದಿದ್ದ ಸರ್ಕಾರಿ ಬಸ್ ನಿಂತಿತು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, ನಿಲ್ಲಿ ಅಂತ ಸನ್ನೆ ಮಾಡಿದರು. ಎಡಗಡೆ ಪೊದೆಯಿಂದ ತಾಯಿ ಆನೆ, ಅದರ ಕಾಲಿಗೆ ಅಂಟಿಕೊಂಡೇ ಮರಿ. ತಾಯಿ ಕಿವಿ ಅಗಲಿಸಿ ನಮ್ಮ ಕಡೆ ತಿರುಗಿದಾಗ ಉಸಿರು ಬಿಡಲೂ ಭಯ ಆಯಿತು. ಅಂಥ ಹೊತ್ತಲ್ಲಿ ಬಸ್ ಪಕ್ಕದಲ್ಲಿ ತೂರಿಕೊಂಡು ಮುಂದೆ ಹೋಗಬೇಡಿ, ಹಾರ್ನ್ ಮಾಡಬೇಡಿ. ಬಸ್ಸಿನ ಹಿಂದೆಯೇ ಹೋಗುವುದು ಬೈಕಿನವರಿಗೆ ಕ್ಷೇಮ. ಜೋರು ಸೈಲೆನ್ಸರ್ ಗಾಡಿ ದಯವಿಟ್ಟು ತರಬೇಡಿ.

ವಾಪಸ್ ಬರುವಾಗ ಊಟಕ್ಕೆ ಅಂತರಸಂತೆಯಲ್ಲಿ ನಿಲ್ಲಿಸಿ. ರಸ್ತೆ ಬದಿಯಲ್ಲೇ ಶೀಟ್ ಹೊದಿಸಿದ ಪುಟ್ಟ ಹೋಟೆಲ್, ಬೋರ್ಡ್ ಇಲ್ಲ, ಎರಡೇ ಬೆಂಚು. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ, ಪಕ್ಕದಲ್ಲಿ ಬಸಿದ ಕಾಳಿನ ಪಲ್ಯ, ಹಸಿ ಈರುಳ್ಳಿ. ಸಾರಿನಲ್ಲಿ ಸುಟ್ಟ ಬೆಳ್ಳುಳ್ಳಿಯ ಘಮ. ಮುದ್ದೆ ಎಷ್ಟು ನುಣುಪು ಅಂದರೆ ಒಂದು ಗಂಟೂ ಕೈಗೆ ಸಿಗಲಿಲ್ಲ. "ಇನ್ನರ್ಧ ಹಾಕ್ಲಾ ಅಣ್ಣ?" ಅಂತ ಕೇಳುತ್ತಲೇ ಅಕ್ಕ ತಟ್ಟೆಗೆ ಹಾಕಿದ್ದರು, ಅದಕ್ಕೆ ದುಡ್ಡೂ ಹಿಡಿಯಲಿಲ್ಲ. ಇಬ್ಬರ ಊಟಕ್ಕೆ ನೂರಾ ನಲವತ್ತು ರೂಪಾಯಿ. ಎರಡು ಗಂಟೆಯೊಳಗೆ ಹೋಗಿ, ಆಮೇಲೆ ಮುದ್ದೆ ಖಾಲಿ.