ತೋಟದ ಮೋಟಾರ್ ರಿಮೋಟ್ ಏನು ಕಳಿಸುತ್ತದೆ?

12 ಜನವರಿ 2025, ಭಾನುವಾರ
ದಾವಣಗೆರೆ

ಚನ್ನಗಿರಿ ಕಡೆ ಮಾವನ ಅಡಿಕೆ ತೋಟದ ಬೋರ್‌ವೆಲ್ ಮೋಟಾರಿಗೆ ರಿಮೋಟ್ ಇದೆ. ಒಂದು ಬಟನ್ ಆನ್, ಇನ್ನೊಂದು ಆಫ್. ಎಷ್ಟು ಹೊತ್ತು ನೀರು ಹೋಯಿತು ಅನ್ನೋ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. "ರಾತ್ರಿ ತ್ರೀ ಫೇಸ್ ಬಂದಾಗ ಎದ್ದು ಒತ್ತೋದೇ ದೊಡ್ಡದು, ಬರೆದಿಡೋರು ಯಾರಪ್ಪ" ಅಂತಾರೆ ಮಾವ. ರಿಮೋಟ್ ಒತ್ತಿದ ಕೂಡಲೇ ಆರ್ಡುಯಿನೊ (ನಾವೇ ಪ್ರೋಗ್ರಾಂ ಬರೆದು ಓಡಿಸೋ ಪುಟ್ಟ ಸರ್ಕ್ಯೂಟ್ ಬೋರ್ಡ್) ಅದನ್ನು ಹಿಡಿದು ಟೈಮ್ ಬರೆದಿಟ್ಟರೆ ಆಯ್ತಲ್ಲ? ಅದಕ್ಕೆ ಅವರ ಎರಡನೇ ರಿಮೋಟನ್ನು ಇಸ್ಕೊಂಡು ಬಂದಿದ್ದೆ.

ಬಿಚ್ಚಿ ನೋಡಿದರೆ ಒಳಗೆ ಇವಿ1527 ಅನ್ನೋ, ಒತ್ತಿದ ಬಟನ್ನನ್ನು ಕೋಡ್ ಮಾಡುವ ಚಿಪ್. ಕಳಿಸೋದು 433.92 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಅಲೆ ಇದ್ದರೆ ಹೈ, ಇಲ್ಲದಿದ್ದರೆ ಲೋ, ಅಷ್ಟೇ ಭಾಷೆ. ಆ ಅಲೆ ಹಿಡಿಯೋ ಒಂದು ಅಗ್ಗದ ರಿಸೀವರಿಗೆ 17.3 ಸೆಂಟಿಮೀಟರ್ ವೈರನ್ನು ಆಂಟೆನಾ ಅಂತ ಬೆಸುಗೆ ಹಾಕಿ, ಡೇಟಾ ಪಿನ್ನನ್ನು ಆರ್ಡುಯಿನೊ ಊನೊ ಬೋರ್ಡಿನ 2ನೇ ಪಿನ್ನಿಗೆ ಕೊಟ್ಟೆ.

ಅಸಲಿ ಕೆಲಸ ಇರೋದು ಗದ್ದಲದಲ್ಲಿ. ಈ ಅಗ್ಗದ ರಿಸೀವರ್ ಸುಮ್ನೆ ಇರೋದೇ ಇಲ್ಲ. ಸಿಗ್ನಲ್ ಇಲ್ಲದಾಗ ತನ್ನ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಏರಿಸಿಕೊಂಡು ಗಾಳಿಯಲ್ಲಿರೋ ಕಸವನ್ನೆಲ್ಲ ಹೈ-ಲೋ ಮಾಡಿ ಕೊಡುತ್ತದೆ. ಹಾಗಾಗಿ ಬಿಟ್ (ಒಂದೊಂದು 0 ಅಥವಾ 1) ಹುಡುಕುವ ಮೊದಲು, ಕೋಡಿನ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಬರೋ ಉದ್ದನೆಯ ಮೌನ ಹುಡುಕಬೇಕು. ನಾನು ಮಾಡಿದ್ದು ಇಷ್ಟು: ಪಿನ್ ಬದಲಾದಾಗಲೆಲ್ಲ ಇಂಟರಪ್ಟ್ (ಮಾಡ್ತಿರೋ ಕೆಲಸ ಬಿಟ್ಟು ಮೊದಲು ಇದನ್ನು ನೋಡು ಅನ್ನೋ ಕರೆ) ಬರಬೇಕು, ಅದರೊಳಗೆ ಮೈಕ್ರೋಸೆಕೆಂಡ್ ಎಣಿಸೋ ಮೈಕ್ರೋಸ್ ಫಂಕ್ಷನ್ ನೋಡಿ ಹಿಂದಿನ ಬದಲಾವಣೆಯಿಂದ ಎಷ್ಟು ಸಮಯ ಆಯ್ತು ಅಂತ ಅರೇಯಲ್ಲಿ (ಅಂಕಿಗಳ ಪಟ್ಟಿಯಲ್ಲಿ) ಇಡಬೇಕು, ಪ್ರಿಂಟ್ ಗಿಂಟ್ ಎಲ್ಲ ಹೊರಗೆ ಲೂಪಿನಲ್ಲಿ, ಅಂದರೆ ಮತ್ತೆ ಮತ್ತೆ ಓಡೋ ಮುಖ್ಯ ಭಾಗದಲ್ಲಿ. ಇಂಟರಪ್ಟ್ ಒಳಗೆ ಪ್ರಿಂಟ್ ಮಾಡಿದರೆ ಮುಂದಿನ ಪಲ್ಸ್‌ಗಳ ಅಳತೆಯೇ ಕೆಡುತ್ತದೆ.

ಬಟನ್ ಒತ್ತಿ ಹಿಡಿದಾಗ ಅಂಕಿಗಳು ಒಮ್ಮೆಲೇ ಸಾಲಾಗಿ ನಿಂತವು ನೋಡಿ, ಆ ಖುಷಿಯೇ ಬೇರೆ! ಚಿಕ್ಕವು 350 ಮೈಕ್ರೋಸೆಕೆಂಡಿನ ಆಸುಪಾಸು, ದೊಡ್ಡವು 1,050, ನಡುನಡುವೆ ಹತ್ತು ಸಾವಿರ ದಾಟುವ ಒಂದು ಮೌನ. ಚಿಕ್ಕದರ ಮೂರರಷ್ಟು ದೊಡ್ಡದು, 31ರಷ್ಟು ಆ ಮೌನ. ಚಿಕ್ಕ ಹೈ, ದೊಡ್ಡ ಲೋ ಬಂದರೆ 0. ತಿರುಗಿಸಿದರೆ 1. ಹೀಗೆ 24 ಬಿಟ್, ಒಂದು ಸುತ್ತಿಗೆ ಸುಮಾರು 45 ಮಿಲಿಸೆಕೆಂಡ್, ಬಟನ್ ಬಿಡುವವರೆಗೂ ಅದೇ ಪಾಠ. ಒಂದೇ ಸಂಖ್ಯೆ ಎರಡು ಸಲ ಬೆನ್ನು ಬೆನ್ನಿಗೆ ಬಂದರೆ ಮಾತ್ರ ನಂಬೋದು ಅಂತ ಷರತ್ತು ಹಾಕಿದ ಮೇಲೆ ಕಸ ಬರೋದು ನಿಂತಿತು.

ಮೊದಲ 20 ಬಿಟ್ ಆ ರಿಮೋಟಿನದೇ ನಂಬರ್, ಕೊನೆಯ 4 ಯಾವ ಬಟನ್ ಅಂತ. ಮಾವನ ಕೈಯಲ್ಲಿರೋ ರಿಮೋಟಿನ ನಂಬರ್ ಬೇರೆ, ಅದನ್ನು ತೋಟದಲ್ಲೇ ಓದಿಸಬೇಕು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ನಂಬರ್ ಯಾವತ್ತೂ ಬದಲಾಗುವುದಿಲ್ಲ. ನಾನು ಇವತ್ತು ಓದಿದ ಹಾಗೆ ಯಾರು ಬೇಕಾದರೂ ಓದಿ, ಅದನ್ನೇ ವಾಪಸ್ ಕಳಿಸಬಹುದು. ತೋಟದ ಮೋಟಾರಿಗೆ ನಡೆಯುತ್ತದೆ, ಮನೆಯ ಗೇಟಿಗೆ ಇಂಥದ್ದನ್ನು ಹಾಕಿಸಬೇಡಿ. ಗೇಟಿಗೆ ರೋಲಿಂಗ್ ಕೋಡ್ ಇರೋದನ್ನೇ ಕೇಳಿ ತಗೊಳ್ಳಿ. ಅದರಲ್ಲಿ ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುತ್ತದೆ, ಹಳೆಯದನ್ನು ರಿಸೀವರ್ ಒಪ್ಪುವುದಿಲ್ಲ. ಅಂಗಡಿಯವರು ತಾವಾಗಿ ಹೇಳೋದು ಕಡಿಮೆ, ಕೇಳಬೇಕಾದವರು ನಾವೇ ಅಲ್ವಾ.

ಇನ್ನೊಂದು ತೊಡಕು ಉಳಿದಿದೆ. ಬಟನ್ ಒತ್ತಿದರು ಅಂದ ಮಾತ್ರಕ್ಕೆ ಮೋಟಾರ್ ಓಡಿತು ಅಂತ ಅಲ್ಲ. ಕರೆಂಟ್ ಇಲ್ಲದಾಗ ಒತ್ತಿದರೂ ನನ್ನ ಆರ್ಡುಯಿನೊ ಬ್ಯಾಟರಿಯಲ್ಲಿದ್ದರೆ ಆನ್ ಅಂತಲೇ ಬರೆಯುತ್ತದೆ, ನಡುವೆ ಕರೆಂಟ್ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಒಂದು ವೈರಿಗೆ ಕ್ಲಾಂಪ್ ಥರದ ಕರೆಂಟ್ ಸೆನ್ಸರ್ ಹಾಕಿ, ರಿಮೋಟ್ ಸಮಯ ಮತ್ತು ಕರೆಂಟ್ ಹರಿದ ಸಮಯ ಎರಡನ್ನೂ ಪಕ್ಕಪಕ್ಕ ಬರೆಸಬೇಕು. ಸಂಕ್ರಾಂತಿಗೆ ತೋಟಕ್ಕೆ ಹೋದಾಗ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಇದೆಯಾ ನೋಡಿಕೊಂಡು ಬರ್ತೀನಿ.