ಹಿಡಿ ಕೈಯಲ್ಲಿ, ಕೆಟಲ್ ನೆಲದ ಮೇಲೆ

ನೀರು ಕುದಿದು ಸ್ವಿಚ್ 'ಟಕ್' ಅಂತ ಆಫ್ ಆಯಿತು. ಕೆಟಲ್ ಎತ್ತಿದೆ. ಲೋಟದ ಹತ್ತಿರ ತರುವಷ್ಟರಲ್ಲಿ ಕೈ ಹಗುರಾಯಿತು. ಹಿಡಿ ನನ್ನ ಕೈಯಲ್ಲೇ ಇತ್ತು. ಕೆಟಲ್ ಕೆಳಗೆ ಬಿದ್ದು, ಕುದಿಯುವ ನೀರೆಲ್ಲ ಎಡಗಾಲಿನ ಮೇಲೆ.

ಅಕ್ಕ ಓಡಿ ಬಂದು ಕಾಲನ್ನು ನಲ್ಲಿಯ ಕೆಳಗೆ ಹಿಡಿದಳು. 20 ನಿಮಿಷ ಬಿಡಲೇ ಇಲ್ಲ. ಹಾಗೆ ಮಾಡಿದ್ದು, ಐಸ್ ಇಡದಿದ್ದದ್ದು ಎರಡೂ ಒಳ್ಳೆಯದಾಯಿತು ಅಂದರು ಡಾಕ್ಟರ್. ಆದರೂ ಪಾದದ ತುಂಬ ಬೊಬ್ಬೆ. ಮೂರು ವಾರ ಚಪ್ಪಲಿ ಹಾಕಲಾಗಲಿಲ್ಲ.

ಆ ಮೂರು ವಾರವೂ ನನ್ನನ್ನೇ ಬೈದುಕೊಂಡೆ. ಎರಡು ಕೈಯಲ್ಲಿ ಹಿಡಿಯಬೇಕಿತ್ತು, ಕಡಿಮೆ ನೀರು ಹಾಕಬೇಕಿತ್ತು. ಅಕ್ಕನ ಸಂಕಟ ಬೇರೆ: ಅದು ಅವಳು ಕೊಟ್ಟ ಉಡುಗೊರೆ. ಅದನ್ನು ಮಾಡಿದವರ ನೆನಪು ಮಾತ್ರ ನಮ್ಮಿಬ್ಬರಿಗೂ ಬರಲೇ ಇಲ್ಲ.

ಅಕ್ಕ ಅದನ್ನು ಕಸಕ್ಕೆ ಹಾಕಲು ಹೊರಟಿದ್ದಳು. ಅವಳ ಗೆಳತಿ ವಕೀಲೆ. ಫೋನಿನಲ್ಲಿ ವಿಷಯ ಕೇಳಿದವರೇ "ಎಸೀಬೇಡಿ, ತೊಳೀಬೇಡಿ, ಅಂಟಿಸೋಕೂ ಹೋಗಬೇಡಿ" ಅಂದರು. ಸಂಜೆ ಬಂದು ಟಾರ್ಚ್ ಬಿಟ್ಟು ತೋರಿಸಿದರು. ಎರಡೂ ಸ್ಕ್ರೂ ಕೆಟಲ್‌ಗೇ ಕಚ್ಚಿಕೊಂಡಿದ್ದವು. ಅವುಗಳ ಸುತ್ತ ಹಿಡಿಯ ಪ್ಲಾಸ್ಟಿಕ್, ಉಗುರಿನಷ್ಟು ತೆಳು. ಮುರಿದ ಜಾಗ ಅರ್ಧ ಬೆಳ್ಳಗಿತ್ತು. ಉಳಿದರ್ಧಕ್ಕೆ ಕೊಳೆ ಇಳಿದು ಕಪ್ಪಾಗಿತ್ತು. ಅಂದರೆ ಬಿರುಕು ಮೊದಲೇ ಇತ್ತು, ಒಳಗೆ, ನಮಗೆ ಕಾಣದ ಕಡೆ.

"ಕೊಂಡವಳು ನಾನು, ಸುಟ್ಟಿದ್ದು ಇವನಿಗೆ. ಕೇಳೋ ಹಕ್ಕಿದೆಯಾ?" ಅಂದಳು ಅಕ್ಕ. ಆಗ ಅವರು ಗ್ರೀನ್‌ಮನ್ ಎಂಬಾತನ ಕಥೆ ಹೇಳಿದರು. ಮರಗೆಲಸದ ಯಂತ್ರವೊಂದನ್ನು 1955ರಲ್ಲಿ ಹೆಂಡತಿ ಅವನಿಗೆ ಉಡುಗೊರೆ ಕೊಟ್ಟಿದ್ದಳು. 1957ರಲ್ಲಿ ಕೆಲಸ ಮಾಡುವಾಗ ಮರದ ತುಂಡು ಹಾರಿ ಹಣೆಗೆ ಬಡಿಯಿತು. ಭಾಗಗಳನ್ನು ಹಿಡಿದಿಟ್ಟ ಸ್ಕ್ರೂಗಳು ಸಾಲದಾಗಿದ್ದವು ಅಂತ ತಜ್ಞರು ಸಾಕ್ಷಿ ಹೇಳಿದರು. 1963ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಯಾರೂ ಒಳಗೆ ಬಿಚ್ಚಿ ನೋಡದೆ ಬಳಸುತ್ತಾರೆ ಅಂತ ಗೊತ್ತಿದ್ದೇ ಮಾರಿದ ವಸ್ತುವಿನ ದೋಷದಿಂದ ಗಾಯವಾದರೆ ತಯಾರಕರೇ ಹೊಣೆ ಎಂದಿತು.

ಬಿಚ್ಚಿ ನೋಡದೆ! ನಾನೂ ಅಷ್ಟೇ ಮಾಡಿದ್ದು. ಆವತ್ತು ಮೊದಲ ಸಲ ಎದೆ ಹಗುರಾಯಿತು.

ನನ್ನದೊಂದೇ ಕೆಟಲ್ ಹೀಗಿದ್ದರೆ ತಯಾರಿಕೆಯ ದೋಷ, ಆ ಮಾದರಿಯೆಲ್ಲ ಹೀಗಿದ್ದರೆ ವಿನ್ಯಾಸದ ದೋಷ ಅಂದರು. "ನೀರು ಗೆರೆ ದಾಟಿದ್ದಿರಬಹುದು" ಅಂತ ನಾನು ಹೆದರುತ್ತಾ ಹೇಳಿದೆ. "ಎದುರಿನವರು ಅದನ್ನು ಹಿಡಿದು ವಾದಿಸಬಹುದು. ಆದರೆ ಜನ ಒಂದಿಷ್ಟು ಜಾಸ್ತಿ ತುಂಬ್ತಾರೆ ಅನ್ನೋದು ಮಾಡಿದವರಿಗೆ ಗೊತ್ತಿರಬೇಕಲ್ವಾ?" ಅಂದರು. ದೇಶಕ್ಕೊಂದು ಕಾನೂನು, ದೂರು ಕೊಡಲು ಒಂದು ಗಡುವೂ ಇರುತ್ತದೆ, ತಡ ಮಾಡಬೇಡಿ ಎಂದೂ ಎಚ್ಚರಿಸಿದರು.

ಕಂಪನಿಗೆ ಬರೆದೆವು. ಹಳೆಯದನ್ನು ಕಳಿಸಿ, ಹೊಸದು ಕೊಡುತ್ತೇವೆ ಎಂಬ ಉತ್ತರ ಬಂತು. ಕಳಿಸಲಿಲ್ಲ. ಇರುವ ಸಾಕ್ಷಿ ಅದೊಂದೇ. ಎರಡೂ ಕಡೆಯವರ ಎದುರಿಗೇ ಪರೀಕ್ಷೆ ಆಗಲಿ ಎಂದು ಮತ್ತೆ ಬರೆದೆವು. ಕೆಟಲ್, ಹಿಡಿ, ಬಿಲ್, ಡಾಕ್ಟರ್ ಚೀಟಿ ಎಲ್ಲ ಒಂದೇ ಡಬ್ಬದಲ್ಲಿ ಬೀರುವಿನ ಮೇಲಿವೆ.

ಆ ಎರಡನೇ ಪತ್ರದ ಕೊನೆಗೆ ಅಕ್ಕ ತಾನೇ ಒಂದು ಸಾಲು ಸೇರಿಸಿದ್ದಳು: "ಇದೇ ಬ್ಯಾಚ್‌ನ ಕೆಟಲ್ ಇನ್ನೂ ಎಷ್ಟು ಮನೆಗಳಲ್ಲಿದೆ? ಅವರಿಗೆಲ್ಲ ತಿಳಿಸಿದ್ದೀರಾ?" ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.